ಚಿಪ್ಪು, ಜ್ವಾಲೆ, ಶಿಲುಬೆ: ಮೆಥೊಡಿಸ್ಟ್ ಶಾಲೆಯ ಲಾಂಛನವನ್ನು ಓದುವ ಬಗೆ

ಮೆಥೊಡಿಸ್ಟ್ ಪರಂಪರೆಗೆ ಸೇರಿದ ಕ್ರೈಸ್ತ ಶಾಲೆಗಳ ಲಾಂಛನಗಳಲ್ಲಿ ಮತ್ತೆ ಮತ್ತೆ ಕಾಣಸಿಗುವ ವಸ್ತುಗಳು ಬೆರಳೆಣಿಕೆಯಷ್ಟು: ಶಿಲುಬೆ, ಬೆಂಕಿಯ ನಾಲಗೆ, ಬೀಸಣಿಗೆಯಾಕಾರದ ಚಿಪ್ಪು, ತೆರೆದ ಗ್ರಂಥ, ಅಪರೂಪಕ್ಕೆ ಕುದುರೆಯೇರಿದ ಸವಾರ, ಕೆಳಗೆ ಲ್ಯಾಟಿನ್ ಅಥವಾ ಇಂಗ್ಲಿಷಿನ ಒಂದು ಧ್ಯೇಯವಾಕ್ಯ. ಇವುಗಳಲ್ಲಿ ಶಿಲುಬೆಯೂ ಗ್ರಂಥವೂ ಎಲ್ಲ ಕ್ರೈಸ್ತ ಪಂಗಡಗಳಿಗೆ ಸೇರಿದವು. ಉಳಿದವುಗಳ ಹಿಂದೆ ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ ಒಂದು ಧಾರ್ಮಿಕ ಚಳವಳಿಯ ಚರಿತ್ರೆಯಿದೆ. ಇನ್ನೂ ನಿರ್ದಿಷ್ಟವಾಗಿ ಹೇಳುವುದಾದರೆ, ಒಂದು ಕುಟುಂಬದ ಮತ್ತು ಒಂದು ಶಾಲೆಯ ಚರಿತ್ರೆಯಿದೆ. ಅದನ್ನು ತಿಳಿಯದೆ ನೋಡಿದರೆ ಚಿಪ್ಪು ಬರೀ ಅಲಂಕಾರವಾಗಿಯೂ ಜ್ವಾಲೆ ಯಾವ ಶಾಲೆಗಾದರೂ ಒಪ್ಪುವ ಜ್ಞಾನಜ್ಯೋತಿಯಾಗಿಯೂ ಕಾಣುತ್ತದೆ. ಬುದ್ಧಿಯ ಶಿಕ್ಷಣವನ್ನೂ ಹೃದಯದ ಭಕ್ತಿಯನ್ನೂ ಒಂದರಿಂದ ಇನ್ನೊಂದನ್ನು ಕಿತ್ತು ಬೆಳೆಸಲಾಗದು, ಎರಡೂ ಕೂಡಿ ಬೆಳೆದಾಗ ಅದು ಇತರರ ಸೇವೆಯಾಗಿ ಹೊರಹರಿಯಬೇಕು ಎಂಬ ನಂಬಿಕೆಯೇ ಈ ಚಿಹ್ನೆಗಳನ್ನೆಲ್ಲ ಒಂದೆಡೆ ಕಟ್ಟಿಹಾಕಿದೆ ಎಂಬುದನ್ನು ಇಲ್ಲಿ ವಿವರಿಸಲು ಪ್ರಯತ್ನಿಸುತ್ತೇನೆ.

ಚಳವಳಿಯ ಪ್ರವರ್ತಕ ಜಾನ್ ವೆಸ್ಲಿ 1703ರಲ್ಲಿ ಲಿಂಕನ್‌ಶೈರಿನ ಎಪ್‌ವರ್ತ್ ಎಂಬ ಊರಿನಲ್ಲಿ ಹುಟ್ಟಿದರು. ತಂದೆ ಸ್ಯಾಮ್ಯುಯೆಲ್ ಆ ಊರಿನ ಆಂಗ್ಲಿಕನ್ ಸಭಾಪಾಲಕರು. ತಾಯಿ ಸುಸಾನಾ ತಮ್ಮ ಮಕ್ಕಳಿಗೆ, ಹೆಣ್ಣುಮಕ್ಕಳನ್ನೂ ಸೇರಿಸಿ, ಮನೆಯಲ್ಲೇ ದಿನನಿತ್ಯ ಕ್ರಮಬದ್ಧವಾಗಿ ಪಾಠ ಹೇಳಿದವರು. ಮೆಥೊಡಿಸ್ಟ್ ಶಿಕ್ಷಣದ ಮೂಲವನ್ನು ಹುಡುಕುವವರು ಆಕ್ಸ್‌ಫರ್ಡಿನ ಮಾತನ್ನು ಮೊದಲು ಎತ್ತುವುದುಂಟು; ನನ್ನ ದೃಷ್ಟಿಯಲ್ಲಿ ಅದರ ಮೊದಲ ತರಗತಿ ನಡೆದದ್ದು ಸುಸಾನಾ ಅವರ ಮನೆಯಲ್ಲಿ. ಜಾನ್ ಮುಂದೆ ಲಂಡನ್ನಿನ ಚಾರ್ಟರ್‌ಹೌಸ್ ಶಾಲೆಯಲ್ಲಿಯೂ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿಯೂ ಓದಿ, 1726ರಲ್ಲಿ ಅಲ್ಲಿನ ಲಿಂಕನ್ ಕಾಲೇಜಿನ ಫೆಲೋ, ಅಂದರೆ ವಿದ್ವತ್ ಸದಸ್ಯ, ಆದರು. ಅವರ ತಮ್ಮ ಚಾರ್ಲ್ಸ್ ಆಕ್ಸ್‌ಫರ್ಡಿನಲ್ಲಿ ಕೆಲವು ಗೆಳೆಯರೊಡನೆ ಆರಂಭಿಸಿದ ಒಂದು ಸಣ್ಣ ಕೂಟದ ನಾಯಕತ್ವವನ್ನು ಜಾನ್ ವಹಿಸಿಕೊಂಡರು. ಸತ್ಯವೇದದ (ಬೈಬಲಿನ) ಅಧ್ಯಯನ, ಉಪವಾಸ, ಪ್ರಾರ್ಥನೆ, ಸೆರೆಮನೆಯ ಕೈದಿಗಳ ಭೇಟಿ, ಬಡಮಕ್ಕಳಿಗೆ ಪಾಠ, ಇವೆಲ್ಲವನ್ನೂ ಗಂಟೆ ಲೆಕ್ಕದಲ್ಲಿ ನಡೆಸುತ್ತಿದ್ದ ಈ ತರುಣರನ್ನು ಗೇಲಿ ಮಾಡಲು ಸಹಪಾಠಿಗಳು ಬಳಸಿದ ಅಡ್ಡಹೆಸರೇ ‘ಮೆಥೊಡಿಸ್ಟ್’. ಅದನ್ನು ಅವರು ಅವಮಾನವೆಂದು ತಳ್ಳಿಹಾಕದೆ ಇಟ್ಟುಕೊಂಡರು.

ಈ ಶಿಸ್ತಿಗೆ ಭಾವದ ಕಾವು ಕೂಡಿಕೊಂಡದ್ದು 1738ರ ಮೇ 24ರಂದು. ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯಲ್ಲಿ ಸಂಜೆ ನಡೆದ ಒಂದು ಕೂಟದಲ್ಲಿ, ‘ರೋಮಾಪುರದವರಿಗೆ ಬರೆದ ಪತ್ರಿಕೆ’ ಎಂಬ ಸತ್ಯವೇದದ ಭಾಗಕ್ಕೆ ಜರ್ಮನ್ ಸುಧಾರಕ ಮಾರ್ಟಿನ್ ಲೂಥರ್ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದಾಗ, ತಮ್ಮ ಹೃದಯವು ಅಪೂರ್ವವಾದ ರೀತಿಯಲ್ಲಿ ಬೆಚ್ಚಗಾಯಿತೆಂದು ವೆಸ್ಲಿ ತಮ್ಮ ದಿನಚರಿಯಲ್ಲಿ ಬರೆದುಕೊಂಡರು. ಜಗತ್ತಿನ ಮೆಥೊಡಿಸ್ಟ್ ಸಭೆಗಳು (ಚರ್ಚುಗಳು) ಆ ದಿನವನ್ನು ಇಂದಿಗೂ ಸ್ಮರಿಸುತ್ತವೆ. ಮಾರನೆಯ ವರ್ಷವೇ ಅವರು ಬ್ರಿಸ್ಟಲ್ ನಗರದ ಸುತ್ತ ಬಯಲಿನಲ್ಲಿ ನಿಂತು ಸಾವಿರಾರು ಜನರಿಗೆ ಬೋಧಿಸತೊಡಗಿದರು.

ಕಿಂಗ್ಸ್‌ವುಡ್

ಬ್ರಿಸ್ಟಲ್‌ನ ಹೊರವಲಯದ ಕಿಂಗ್ಸ್‌ವುಡ್ ಕಲ್ಲಿದ್ದಲು ಗಣಿಗಳ ಪ್ರದೇಶ. ಅಲ್ಲಿನ ಗಣಿಕಾರ್ಮಿಕರಿಗೆ ಹತ್ತಿರದಲ್ಲಿ ಚರ್ಚೂ ಇರಲಿಲ್ಲ, ಮಕ್ಕಳಿಗೆ ಶಾಲೆಯೂ ಇರಲಿಲ್ಲ. ಒರಟರು, ದಂಗೆಕೋರರು ಎಂಬ ಕುಖ್ಯಾತಿ ಮಾತ್ರ ಇತ್ತು. ವೆಸ್ಲಿಯ ಆಕ್ಸ್‌ಫರ್ಡ್ ಗೆಳೆಯ ಜಾರ್ಜ್ ವೈಟ್‌ಫೀಲ್ಡ್ 1739ರಲ್ಲಿ ಅವರ ನಡುವೆ ನಿಂತು ಬೋಧಿಸಿದಾಗ, ಮಸಿ ಮೆತ್ತಿದ ಕೆನ್ನೆಗಳ ಮೇಲೆ ಕಣ್ಣೀರು ಬಿಳಿಯ ಗೆರೆಗಳನ್ನು ಎಳೆದುದನ್ನು ಕಂಡು ದಾಖಲಿಸಿದ್ದಾರೆ. ಆ ಮಕ್ಕಳಿಗಾಗಿ ಒಂದು ಶಾಲೆ ಕಟ್ಟುವ ಕೆಲಸವನ್ನು ವೈಟ್‌ಫೀಲ್ಡ್ ಆರಂಭಿಸಿ ಅಮೆರಿಕಕ್ಕೆ ಹೊರಟುಹೋದರು. ಅದನ್ನು ಪೂರೈಸುವ ಹೊಣೆ ವೆಸ್ಲಿಯ ಮೇಲೆ ಬಿತ್ತು. ಮೆಥೊಡಿಸ್ಟ್ ಪರಂಪರೆಯ ಮೊದಲ ಶಾಲಾ ಪ್ರಯತ್ನ ಗಣಿಕಾರ್ಮಿಕರ ಮಕ್ಕಳಿಗಾಗಿ ನಡೆಯಿತು ಎಂಬ ಸಂಗತಿಯನ್ನು, ದುಬಾರಿ ಶುಲ್ಕದ ಪ್ರತಿಷ್ಠಿತ ಸಂಸ್ಥೆಗಳೂ ಇಂದು ಅದೇ ಪರಂಪರೆಯ ಹೆಸರಿನಲ್ಲಿ ನಡೆಯುತ್ತಿರುವಾಗ, ಮರೆಯಬಾರದು.

ಅದೇ ಕಿಂಗ್ಸ್‌ವುಡ್‌ನಲ್ಲಿ 1748ರ ಜೂನ್ 24ರಂದು ವೆಸ್ಲಿ ಇನ್ನೊಂದು ಶಾಲೆಯನ್ನು, ಈ ಬಾರಿ ವಸತಿ ಶಾಲೆಯನ್ನು, ತೆರೆದರು. ಜಗತ್ತಿನ ಅತ್ಯಂತ ಹಳೆಯ ಮೆಥೊಡಿಸ್ಟ್ ಶಾಲೆಯೆಂದು ಇಂದು ಹೆಸರಾಗಿರುವುದು ಇದೇ. 1851ರಲ್ಲಿ ಅದು ಬಾತ್ ನಗರದ ಲ್ಯಾನ್ಸ್‌ಡೌನ್ ಗುಡ್ಡಕ್ಕೆ ಸ್ಥಳಾಂತರಗೊಂಡು ಈಗಲೂ ಅಲ್ಲಿಯೇ ನಡೆಯುತ್ತಿದೆ. ಆರಂಭದಲ್ಲಿ ಅಲ್ಲಿದ್ದ ದಿನಚರಿಯನ್ನು ಓದಿದರೆ ಇಂದಿನ ಯಾವ ಪೋಷಕರೂ ಬೆಚ್ಚಿಬೀಳುತ್ತಾರೆ. ಮಕ್ಕಳು ಬೆಳಗಿನ ನಾಲ್ಕು ಗಂಟೆಗೆ ಏಳಬೇಕು. ಒಂದು ಗಂಟೆ ಓದು, ಕೀರ್ತನೆ, ಧ್ಯಾನ, ಪ್ರಾರ್ಥನೆ. ಐದಕ್ಕೆ ಸಾಮೂಹಿಕ ಆರಾಧನೆ. ಏಳರಿಂದ ಹನ್ನೊಂದರವರೆಗೆ, ಮತ್ತೆ ಒಂದರಿಂದ ಐದರವರೆಗೆ ಪಾಠ. ನಡುನಡುವೆ ನಡಿಗೆ ಅಥವಾ ತೋಟದ ಕೆಲಸ. ರಾತ್ರಿ ಎಂಟಕ್ಕೆ ಮಲಗುವುದು, ಅದೂ ಗರಿಗಳ ಮೆತ್ತೆಯ ಮೇಲೆ ಮಲಗುವಂತಿಲ್ಲ. ಆಟಕ್ಕೆ ಸಮಯವೂ ಇರಲಿಲ್ಲ, ರಜೆಯ ದಿನಗಳೂ ಇರಲಿಲ್ಲ. ಬಾಲ್ಯದಲ್ಲಿ ಆಡಿದವನು ದೊಡ್ಡವನಾದ ಮೇಲೂ ಆಡುತ್ತಲೇ ಇರುತ್ತಾನೆ ಎಂಬುದು ವೆಸ್ಲಿಯ ವಾದ. ಮಗುವಿನ ಸ್ವಭಾವವನ್ನು ಅವರು ಇಲ್ಲಿ ತಪ್ಪಾಗಿ ಗ್ರಹಿಸಿದರೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ಈ ಶಾಲೆ ತಾವು ಬಯಸಿದಂತೆ ನಡೆಯುತ್ತಿಲ್ಲವೆಂದು ಮುಂದಿನ ದಶಕಗಳಲ್ಲಿ ಅವರೇ ಮತ್ತೆ ಮತ್ತೆ ಅತೃಪ್ತಿ ವ್ಯಕ್ತಪಡಿಸಿದರು. ಮುಂದಿನ ತಲೆಮಾರುಗಳ ಮೆಥೊಡಿಸ್ಟ್ ಶಾಲೆಗಳು ಈ ನಿಯಮಗಳನ್ನು ಬಿಟ್ಟು, ಅವುಗಳ ಹಿಂದಿದ್ದ ಆಶಯವನ್ನು ಮಾತ್ರ ಉಳಿಸಿಕೊಂಡವು. ಪರಂಪರೆಯೆಂದರೆ ಹಿರಿಯರು ಮಾಡಿದ್ದನ್ನೆಲ್ಲ ಹಾಗೆಯೇ ಮುಂದುವರಿಸುವುದೆಂದು ಭಾವಿಸುವವರು ಇದನ್ನು ಗಮನಿಸಬೇಕು.

ಆಶಯವಾದರೂ ಏನು? ವೆಸ್ಲಿ ಈ ಶಾಲೆಗಾಗಿ ಇಂಗ್ಲಿಷ್, ಫ್ರೆಂಚ್, ಲ್ಯಾಟಿನ್, ಗ್ರೀಕ್ ಮತ್ತು ಹೀಬ್ರೂ ಭಾಷೆಗಳ ವ್ಯಾಕರಣಗಳನ್ನು ತಾವೇ ಬರೆದುಕೊಟ್ಟರು. ಭಕ್ತಿ ಬೆಳೆಯಲು ಓದು ಕಡಿಮೆಯಿರಬೇಕೆಂದು ನಂಬಿದವರು ಮಾಡುವ ಕೆಲಸವಲ್ಲ ಇದು. ಅವರ ತಮ್ಮ ಚಾರ್ಲ್ಸ್ ಬರೆದ ಕೀರ್ತನೆಗಳ ಸಂಖ್ಯೆ 6,000ಕ್ಕೂ ಮೇಲು. ಅವುಗಳಲ್ಲಿ ಒಂದು ಕಿಂಗ್ಸ್‌ವುಡ್‌ನಲ್ಲಿ ಶಾಲೆ ತೆರೆಯುವ ಸಂದರ್ಭಕ್ಕೆಂದೇ ಇರುವಂಥದ್ದು. ಬಹುಕಾಲದಿಂದ ಅಗಲಿರುವ ಜೋಡಿಯಾದ ಜ್ಞಾನವನ್ನೂ ಜೀವಂತ ಭಕ್ತಿಯನ್ನೂ ಮತ್ತೆ ಒಂದುಗೂಡಿಸು ಎಂದು ಅದರಲ್ಲಿ ಅವರು ದೇವರನ್ನು ಬೇಡುತ್ತಾರೆ. ಮೆಥೊಡಿಸ್ಟ್ ಶಿಕ್ಷಣದ ಬಗ್ಗೆ ಮುಂದೆ ಬರೆಯಲಾದ ಎಷ್ಟೋ ಘೋಷಣೆಗಳಿಗೆ ಈ ಒಂದು ಸಾಲು ಬೀಜವಾಯಿತು. ಅಮೆರಿಕದಲ್ಲಿ 1859ರಲ್ಲಿ ಮೆಥೊಡಿಸ್ಟರೊಡನೆ ಸಂಬಂಧ ಬೆಳೆಸಿ, ಕಾಲಾಂತರದಲ್ಲಿ ಡ್ಯೂಕ್ ವಿಶ್ವವಿದ್ಯಾಲಯವಾಗಿ ಬೆಳೆದ ಟ್ರಿನಿಟಿ ಕಾಲೇಜಿನ ಲ್ಯಾಟಿನ್ ಧ್ಯೇಯವಾಕ್ಯ ‘ಎರುಡಿಷಿಯೊ ಎತ್ ರೆಲಿಜಿಯೊ’, ಅಂದರೆ ವಿದ್ಯೆ ಮತ್ತು ಧರ್ಮ. ಸಿಡ್ನಿಯಲ್ಲಿ 1863ರಲ್ಲಿ ವೆಸ್ಲಿಯನ್ ಮೆಥೊಡಿಸ್ಟರು ಆರಂಭಿಸಿದ ನ್ಯೂಯಿಂಗ್ಟನ್ ಕಾಲೇಜಿನ ಧ್ಯೇಯವಾಕ್ಯ ‘ಇನ್ ಫಿಡೆ ಸ್ಕಿಯೆಂಟಿಯಮ್’. ನಂಬಿಕೆಗೆ ಜ್ಞಾನವನ್ನು ಕೂಡಿಸಿರಿ ಎಂಬ ಅರ್ಥದ ಈ ಮಾತಿನ ಹಿಂದೆ ಪೇತ್ರನ ಎರಡನೆಯ ಪತ್ರಿಕೆಯ ವಚನವಿದೆ. ಪದಗಳು ಬೇರೆ, ಭೂಖಂಡಗಳು ಬೇರೆ. ಜೋಡಿ ಮಾತ್ರ ಅದೇ.

ಕಿಂಗ್ಸ್‌ವುಡ್ ಶಾಲೆಗೆ ಇನ್ನೊಂದು ಕಾರಣವೂ ಇತ್ತು. ಮೆಥೊಡಿಸ್ಟ್ ಬೋಧಕರು ಒಂದೂರಿನಲ್ಲಿ ನೆಲೆನಿಲ್ಲದೆ ಸುತ್ತುತ್ತಲೇ ಇರಬೇಕಿತ್ತು. ಅವರ ಮಕ್ಕಳ ಓದು ಇದರಿಂದ ಪದೇ ಪದೇ ಕಡಿದುಹೋಗುತ್ತಿದ್ದುದರಿಂದ, ಅವರನ್ನು ಇಟ್ಟುಕೊಂಡು ಓದಿಸುವ ಮನೆಯಾಗಿ ಈ ಶಾಲೆ ಬೆಳೆಯಿತು. ಈ ಸಂಚಾರಜೀವನವನ್ನು ನೆನಪಿಟ್ಟುಕೊಂಡರೆ ಚಿಪ್ಪಿನ ಅರ್ಥ ಸಲೀಸಾಗಿ ತೆರೆದುಕೊಳ್ಳುತ್ತದೆ.

ಚಿಪ್ಪು

ವೆಸ್ಲಿ ಕುಟುಂಬದೊಡನೆ ಗುರುತಿಸಲಾಗುವ ವಂಶಲಾಂಛನದಲ್ಲಿ ಬೆಳ್ಳಿಬಣ್ಣದ ಗುರಾಣಿಯ ಮೇಲೆ ಕಪ್ಪು ಶಿಲುಬೆಯೊಂದಿದ್ದು, ಅದು ವಿಂಗಡಿಸುವ ನಾಲ್ಕೂ ಭಾಗಗಳಲ್ಲಿ ಸ್ಕ್ಯಾಲಪ್ ಎಂಬ ಕಡಲಜೀವಿಯ ಚಿಪ್ಪುಗಳಿವೆ. ವೆಸ್ಲಿಯ ಹೆಸರು ಹೊತ್ತ ಶಾಲಾ ಕಾಲೇಜುಗಳು ಚಿಪ್ಪನ್ನು ತಮ್ಮ ಲಾಂಛನಕ್ಕೆ ತಂದುಕೊಂಡದ್ದು ಇಲ್ಲಿಂದ. ಆದರೆ ಚಿಪ್ಪಿನ ಚರಿತ್ರೆ ವೆಸ್ಲಿಗಿಂತ ಅನೇಕ ಶತಮಾನಗಳಷ್ಟು ಹಿರಿದು. ಸ್ಪೇನ್ ದೇಶದ ವಾಯವ್ಯ ಮೂಲೆಯ ಗಲೀಸಿಯಾ ಪ್ರಾಂತದಲ್ಲಿರುವ ಸಾಂತಿಯಾಗೊ ದೆ ಕೊಂಪೊಸ್ತೆಲಾ ಎಂಬ ನಗರದಲ್ಲಿ ಅಪೊಸ್ತಲನಾದ, ಅಂದರೆ ಯೇಸುವಿನ ಹನ್ನೆರಡು ಶಿಷ್ಯರಲ್ಲೊಬ್ಬನಾದ, ಯಾಕೋಬನ ಸಮಾಧಿಯಿದೆ ಎಂಬ ನಂಬಿಕೆಯಿಂದ ಮಧ್ಯಯುಗದಲ್ಲಿ ಯೂರೋಪಿನ ಮೂಲೆಮೂಲೆಗಳಿಂದ ಯಾತ್ರಿಕರು ಅಲ್ಲಿಗೆ ನಡೆದುಹೋಗುತ್ತಿದ್ದರು. ಗಲೀಸಿಯಾದ ಕರಾವಳಿಯಲ್ಲಿ ಧಾರಾಳವಾಗಿ ಸಿಗುತ್ತಿದ್ದ ಸ್ಕ್ಯಾಲಪ್ ಚಿಪ್ಪನ್ನು ಟೋಪಿಗೋ ಮೇಲಂಗಿಗೋ ಸಿಕ್ಕಿಸಿಕೊಂಡು ಹಿಂತಿರುಗುವುದು ಯಾತ್ರೆ ಮುಗಿಸಿದ್ದರ ಗುರುತಾಯಿತು. ದಾರಿಯಲ್ಲಿ ತೊರೆಯ ನೀರು ಮೊಗೆದು ಕುಡಿಯಲೂ ಅದು ಒದಗುತ್ತಿತ್ತು. ಹೀಗೆ ಚಿಪ್ಪು ಯಾತ್ರಿಕನ ಚಿಹ್ನೆಯಾಗಿ, ಅಲ್ಲಿಂದ ಅನೇಕ ಮನೆತನಗಳ ವಂಶಲಾಂಛನಗಳನ್ನು ಸೇರಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಮೆಥೊಡಿಸ್ಟರು ಪ್ರೊಟೆಸ್ಟಂಟರು, ಯಾತ್ರೆಯಿಂದ ಪುಣ್ಯ ಸಂಪಾದನೆಯಾಗುತ್ತದೆ ಎಂಬುದನ್ನು ಹದಿನಾರನೆಯ ಶತಮಾನದ ಸುಧಾರಕರು ಬಲವಾಗಿ ನಿರಾಕರಿಸಿದ್ದರು. ಹಾಗಿದ್ದೂ ಯಾತ್ರಿಕನ ಚಿಪ್ಪು ಮೆಥೊಡಿಸ್ಟ್ ಶಾಲೆಯ ಎದೆಯ ಮೇಲೆ ಉಳಿದುಕೊಂಡಿತೆಂದರೆ, ಅದರ ಅರ್ಥ ನಿರ್ದಿಷ್ಟ ಕ್ಷೇತ್ರವೊಂದಕ್ಕೆ ಹೋಗಿಬರುವುದರಿಂದ ಬದುಕೇ ಒಂದು ಪಯಣವೆಂಬ ಕಡೆಗೆ ವಾಲಿದೆ. ವೆಸ್ಲಿಯ ಬದುಕು ಆ ಅರ್ಥಕ್ಕೆ ಆಧಾರ ಒದಗಿಸುತ್ತದೆ. ಅರ್ಧ ಶತಮಾನಕ್ಕೂ ಮೀರಿದ ಬೋಧನಾ ಕಾಲದಲ್ಲಿ ಅವರು ಸುಮಾರು 2,50,000 ಮೈಲಿ, ಬಹುಪಾಲು ಕುದುರೆಯ ಮೇಲೆ, ಸಂಚರಿಸಿದರೆಂದು ಅಂದಾಜು. ಲಗಾಮನ್ನು ಸಡಿಲಬಿಟ್ಟು ಕುದುರೆಯ ಮೇಲೆಯೇ ಪುಸ್ತಕ ಓದುತ್ತ ಸಾಗುವುದು ಅವರ ಅಭ್ಯಾಸವಾಗಿತ್ತು. ಜಗತ್ತೆಲ್ಲವೂ ತನ್ನ ಸಭಾಕ್ಷೇತ್ರ (ಒಬ್ಬ ಪಾದ್ರಿಯ ಹೊಣೆಗೆ ಸೇರಿದ ಪ್ರದೇಶ) ಎಂಬ ಅವರ ಪ್ರಸಿದ್ಧ ಮಾತು, ಅನ್ಯರ ಸಭಾಕ್ಷೇತ್ರಗಳಲ್ಲಿ ಬೋಧಿಸಲು ನಿನಗೇನು ಹಕ್ಕು ಎಂಬ ಆಕ್ಷೇಪಕ್ಕೆ ಕೊಟ್ಟ ಉತ್ತರದಲ್ಲಿ ಬರುತ್ತದೆ.

ಚಿಪ್ಪಿಗೆ ಎರಡನೆಯ ಅರ್ಥವೊಂದೂ ಇದೆ. ದೀಕ್ಷಾಸ್ನಾನದ ವೇಳೆ ಮಗುವಿನ ತಲೆಯ ಮೇಲೆ ನೀರು ಸುರಿಯಲು ಚಿಪ್ಪನ್ನು, ಅಥವಾ ಚಿಪ್ಪಿನಾಕಾರದ ಬೆಳ್ಳಿಯ ಪಾತ್ರೆಯನ್ನು, ಬಳಸುವುದು ಅನೇಕ ಸಭೆಗಳಲ್ಲಿ ರೂಢಿ. ಪಯಣ ಮತ್ತು ಅದರ ಆರಂಭ ಎರಡನ್ನೂ ಒಂದೇ ವಸ್ತು ಸೂಚಿಸುವುದರಿಂದ, ಶಾಲೆಯಂಥ ಜಾಗಕ್ಕೆ ಇದಕ್ಕಿಂತ ಒಪ್ಪುವ ಚಿಹ್ನೆ ಮೆಥೊಡಿಸ್ಟ್ ಪರಂಪರೆಯಲ್ಲಿ ಮತ್ತೊಂದಿಲ್ಲವೆಂದು ನನಗನ್ನಿಸುತ್ತದೆ.

ಕುದುರೆ ಸವಾರನ ಚಿತ್ರ ಅಮೆರಿಕದ ಮೆಥೊಡಿಸ್ಟ್ ಸಂಸ್ಥೆಗಳಲ್ಲಿ ಹೆಚ್ಚು. 1771ರಲ್ಲಿ ಅಲ್ಲಿಗೆ ಹೋದ ಫ್ರಾನ್ಸಿಸ್ ಆಸ್ಬರಿಯಂಥ ಬೋಧಕರು ಚೀಲದಲ್ಲಿ ಸತ್ಯವೇದವನ್ನೂ ಕೀರ್ತನೆಗಳ ಪುಸ್ತಕವನ್ನೂ ತುಂಬಿಕೊಂಡು ಕಾಡುಮೇಡು ಸುತ್ತಿ, ದೂರದೂರದ ವಸತಿಗಳನ್ನು ಒಂದು ಸಂಚಾರವೃತ್ತಕ್ಕೆ ಸೇರಿಸಿದರು. ಸವಾರನ ಕೈಯಲ್ಲಿ ಪುಸ್ತಕವಿರುವಂತೆ ಕೆತ್ತಿದ ಪ್ರತಿಮೆ ಕಂಡರೆ ಅದು ಈ ಬೋಧಕರ ನೆನಪು.

ಜ್ವಾಲೆ

ಬೆಂಕಿ ವೆಸ್ಲಿಯ ಬದುಕಿನಲ್ಲಿ ಮೊದಲು ಬಂದದ್ದು ವಿಪತ್ತಾಗಿ. 1709ರ ಫೆಬ್ರವರಿಯ ಒಂದು ರಾತ್ರಿ ಎಪ್‌ವರ್ತ್‌ನ ಅವರ ಮನೆ ಹೊತ್ತಿ ಉರಿಯಿತು. ಐದು ವರ್ಷದ ಜಾನ್ ಮಾಳಿಗೆಯಲ್ಲಿ ಸಿಕ್ಕಿಬಿದ್ದಾಗ, ಊರಿನವರೊಬ್ಬರು ಇನ್ನೊಬ್ಬರ ಹೆಗಲೇರಿ ನಿಂತು, ಕಿಟಕಿಯಿಂದ ಮಗುವನ್ನು ಎಳೆದುಕೊಂಡ ಮರುಗಳಿಗೆಯಲ್ಲಿ ಚಾವಣಿ ಕುಸಿಯಿತು. ಜೆಕರ್ಯನ ಗ್ರಂಥದಲ್ಲಿ ಬರುವ ‘ಉರಿಯಿಂದ ಎಳೆದ ಕೊಳ್ಳಿ’ ಎಂಬ ಮಾತನ್ನು ವೆಸ್ಲಿ ಮುಂದೆ ಜೀವನವಿಡೀ ತಮಗೆ ಅನ್ವಯಿಸಿಕೊಂಡರು. ಯಾವುದೋ ಕಾರ್ಯಕ್ಕಾಗಿ ತಾನು ಉಳಿಸಲ್ಪಟ್ಟವನು ಎಂಬ ಭಾವ ಅದರಲ್ಲಿದೆ. ಎರಡನೆಯ ಬೆಂಕಿ ಆಲ್ಡರ್ಸ್‌ಗೇಟ್‌ನಲ್ಲಿ ಹೃದಯವನ್ನು ಬೆಚ್ಚಗಾಗಿಸಿದ್ದು. ಇವೆರಡಕ್ಕೂ ಹಿಂದಿನದು, ಎಲ್ಲ ಕ್ರೈಸ್ತರಿಗೂ ಸಾಮಾನ್ಯವಾದುದು, ಅಪೊಸ್ತಲರ ಕೃತ್ಯಗಳ ಎರಡನೆಯ ಅಧ್ಯಾಯದಲ್ಲಿ ಪಂಚಾಶತ್ತಮ ದಿನದಂದು ಶಿಷ್ಯರ ಮೇಲೆ ಪವಿತ್ರಾತ್ಮನು ಇಳಿದುಬಂದಾಗ ಕಾಣಿಸಿದ ಉರಿಯ ನಾಲಗೆಗಳು. ಮೆಥೊಡಿಸ್ಟ್ ಲಾಂಛನದ ಜ್ವಾಲೆಯಲ್ಲಿ ಈ ಮೂರೂ ಕೂಡಿಕೊಂಡಿವೆ.

ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಪರಿಚಿತವಾಗಿರುವ ಮೆಥೊಡಿಸ್ಟ್ ಲಾಂಛನ ಶಿಲುಬೆ ಮತ್ತು ಜ್ವಾಲೆಯದು. ಇದನ್ನು ವೆಸ್ಲಿಯ ಕಾಲದ್ದೆಂದು ಭಾವಿಸುವವರಿದ್ದಾರೆ. ವಾಸ್ತವದಲ್ಲಿ ಇದು 1968ರಲ್ಲಿ ರೂಪುಗೊಂಡದ್ದು. ಆ ವರ್ಷದ ಏಪ್ರಿಲ್ 23ರಂದು ಅಮೆರಿಕದ ಡಲ್ಲಾಸ್ ನಗರದಲ್ಲಿ ಮೆಥೊಡಿಸ್ಟ್ ಸಭೆ ಮತ್ತು ಇವ್ಯಾಂಜೆಲಿಕಲ್ ಯುನೈಟೆಡ್ ಬ್ರದರನ್ ಸಭೆ ಒಂದಾಗಿ ಯುನೈಟೆಡ್ ಮೆಥೊಡಿಸ್ಟ್ ಸಭೆ ಸ್ಥಾಪನೆಯಾಯಿತು. ಹೊಸ ಸಭೆಗೆಂದು ರಚಿಸಲಾದ ಈ ಲಾಂಛನದಲ್ಲಿ ಶಿಲುಬೆ ಕ್ರಿಸ್ತನ ಮೂಲಕ ದೇವರೊಡನೆ ಇರುವ ಸಂಬಂಧವನ್ನೂ ಜ್ವಾಲೆ ಪವಿತ್ರಾತ್ಮನನ್ನೂ ಸೂಚಿಸುತ್ತವೆ. ಜ್ವಾಲೆಗೆ ಎರಡು ನಾಲಗೆಗಳಿರುವುದು, ಒಂದಾದ ಆ ಎರಡು ಸಭೆಗಳ ಗುರುತಾಗಿ. ಶಿಲುಬೆಯ ಮೇಲೆ ಕ್ರಿಸ್ತನ ದೇಹವಿಲ್ಲ. ಬರಿದಾದ ಶಿಲುಬೆಯಿಂದ ಪುನರುತ್ಥಾನವನ್ನು ಸೂಚಿಸುವುದು ಪ್ರೊಟೆಸ್ಟಂಟ್ ರೂಢಿ. ಈ ಲಾಂಛನ ನೋಂದಾಯಿತವಾದದ್ದು. ಸಭೆಗೆ ಸೇರದ ಸಂಸ್ಥೆಗಳು ಇಷ್ಟಬಂದಂತೆ ಬಳಸುವಂತಿಲ್ಲ, ಬಣ್ಣ ಮತ್ತು ಆಕಾರವನ್ನು ತಿದ್ದುವಂತಿಲ್ಲ.

ಇದೇ ಲಾಂಛನದ ಬಗ್ಗೆ ಅಮೆರಿಕದಲ್ಲಿ ಇತ್ತೀಚಿನ ವರ್ಷಗಳಲ್ಲಿ ಎದ್ದ ಚರ್ಚೆಯನ್ನು ಇಲ್ಲಿ ಹೇಳಲೇಬೇಕು. ಕು ಕ್ಲಕ್ಸ್ ಕ್ಲಾನ್ ಎಂಬ ಜನಾಂಗದ್ವೇಷಿ ಸಂಘಟನೆ ಇಪ್ಪತ್ತನೆಯ ಶತಮಾನದಲ್ಲಿ ಕಪ್ಪು ಜನರನ್ನು ಬೆದರಿಸಲು ಶಿಲುಬೆಗಳಿಗೆ ಬೆಂಕಿ ಹಚ್ಚಿ ನಿಲ್ಲಿಸುತ್ತಿತ್ತು. ಅಂಥ ಭಯವನ್ನು ಕಂಡುಂಡ ಕುಟುಂಬಗಳಿಂದ ಬಂದ ಕೆಲವರು, ಶಿಲುಬೆಯ ಪಕ್ಕದ ಜ್ವಾಲೆ ತಮಗೆ ಪವಿತ್ರಾತ್ಮನಿಗಿಂತ ಮೊದಲು ಆ ರಾತ್ರಿಗಳನ್ನು ನೆನಪಿಸುತ್ತದೆಂದು ಹೇಳಿ, ಲಾಂಛನವನ್ನು ಬದಲಿಸಬೇಕೆಂದು ಸಭೆಯನ್ನು ಕೇಳಿಕೊಂಡಿದ್ದಾರೆ. ರಚಿಸಿದವರ ಮನಸ್ಸಿನಲ್ಲಿ ಅಂಥದ್ದೇನೂ ಇರಲಿಲ್ಲವೆಂಬುದು ನಿಜವೇ. ಆದರೂ ಚಿಹ್ನೆಯ ಅರ್ಥವನ್ನು ರಚಿಸಿದವರು ಮಾತ್ರ ನಿರ್ಧರಿಸಲಾರರು. ನೋಡುವವರ ಚರಿತ್ರೆಯೂ ಅದರಲ್ಲಿ ಪಾಲು ಕೇಳುತ್ತದೆ. ಮಕ್ಕಳಿಗೆ ಶಾಲೆಯ ಲಾಂಛನವನ್ನು ವಿವರಿಸುವ ಶಿಕ್ಷಕರು ಈ ಪ್ರಸಂಗವನ್ನು ಮುಚ್ಚಿಡದೆ ಹೇಳಿದರೆ ಒಳ್ಳೆಯದೆಂದು ನಾನು ಭಾವಿಸುತ್ತೇನೆ, ಏಕೆಂದರೆ ವೆಸ್ಲಿ ಗುಲಾಮಗಿರಿಯ ವಿರುದ್ಧ ಗಟ್ಟಿಯಾಗಿ ನಿಂತವರು: 1774ರಲ್ಲಿ ಅದನ್ನು ಖಂಡಿಸಿ ಕಿರುಹೊತ್ತಗೆ ಪ್ರಕಟಿಸಿದರು, 1791ರಲ್ಲಿ ಸಾಯುವುದಕ್ಕೆ ಕೆಲವೇ ದಿನಗಳ ಮೊದಲು ಬ್ರಿಟಿಷ್ ಸಂಸದ ವಿಲಿಯಂ ವಿಲ್ಬರ್‌ಫೋರ್ಸ್‌ಗೆ ಪತ್ರ ಬರೆದು ಗುಲಾಮರ ವ್ಯಾಪಾರದ ವಿರುದ್ಧದ ಹೋರಾಟ ಬಿಡಬೇಡಿರೆಂದು ಹುರಿದುಂಬಿಸಿದರು.

ಧ್ಯೇಯವಾಕ್ಯಗಳು

ಮೆಥೊಡಿಸ್ಟ್ ಶಾಲೆಗಳ ಗೋಡೆಗಳ ಮೇಲೆ ಎಲ್ಲಕ್ಕಿಂತ ಹೆಚ್ಚಾಗಿ ಕಾಣಸಿಗುವ ‘ವೆಸ್ಲಿಯ ನುಡಿ’ ವೆಸ್ಲಿಯದಲ್ಲ. ನಿನ್ನಿಂದಾಗುವಷ್ಟು ಒಳಿತನ್ನು, ನಿನ್ನಿಂದಾಗುವ ಎಲ್ಲ ರೀತಿಗಳಲ್ಲಿ, ಎಲ್ಲ ಜನರಿಗೆ ಮಾಡು ಎಂದು ಸಾಗುವ ಆ ಸಾಲುಗಳು ಅವರ ಬರಹಗಳಲ್ಲಿ ಎಲ್ಲಿಯೂ ಸಿಕ್ಕಿಲ್ಲವೆಂದು ವಿದ್ವಾಂಸರು ಸ್ಪಷ್ಟಪಡಿಸಿದ್ದಾರೆ. ಆದರೆ ಅದರ ಭಾವ ಅವರದೇ. 1743ರಲ್ಲಿ ತಮ್ಮ ಸಂಘಗಳಿಗೆ ಅವರು ವಿಧಿಸಿದ ಸಾಮಾನ್ಯ ನಿಯಮಗಳು ಮೂರು: ಕೇಡು ಮಾಡಬಾರದು, ಒಳಿತು ಮಾಡಬೇಕು, ಪ್ರಾರ್ಥನೆ, ಕರ್ತನ ಭೋಜನ ಮುಂತಾಗಿ ದೇವರು ನೇಮಿಸಿದ ಸಾಧನಗಳನ್ನು ಬಿಡದೆ ಪಾಲಿಸಬೇಕು. ಸಂಪತ್ತಿನ ಬಳಕೆಯ ಬಗೆಗಿನ ಉಪದೇಶದಲ್ಲಿ ಅವರು ನಿಜವಾಗಿ ಹೇಳಿದ್ದು, ಸಾಧ್ಯವಾದಷ್ಟು ಗಳಿಸಿ, ಸಾಧ್ಯವಾದಷ್ಟು ಉಳಿಸಿ, ಸಾಧ್ಯವಾದಷ್ಟು ಕೊಡಿ ಎಂದು. ಗೋಡೆಯ ಮೇಲೆ ಬರೆಸಲು ಯೋಗ್ಯವಾದ ಅಧಿಕೃತ ಮಾತುಗಳು ಇಷ್ಟಿರುವಾಗ ಅನುಮಾನದ್ದೇಕೆ?

ಧ್ಯೇಯವಾಕ್ಯಗಳೆಲ್ಲ ಧಾರ್ಮಿಕವೂ ಅಲ್ಲ. ಮೆಲ್ಬರ್ನ್‌ನಲ್ಲಿ 1866ರಲ್ಲಿ ಆರಂಭವಾದ ವೆಸ್ಲಿ ಕಾಲೇಜಿನ ‘ಸಪೆರೆ ಔದೆ’, ಅಂದರೆ ಅರಿಯುವ ಧೈರ್ಯ ಮಾಡು, ರೋಮನ್ ಕವಿ ಹೊರೇಸ್‌ನದು. ಸಿಂಗಪುರದ ಆಂಗ್ಲೊ–ಚೈನೀಸ್ ಶಾಲೆಯ ವಾಕ್ಯ, ಅತ್ಯುತ್ತಮವಾದುದು ಇನ್ನೂ ಬರಲಿದೆ ಎಂಬುದು, ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್‌ನದು. ಸತ್ಯವೇದದ ಆಚೆಗಿನ ಸಾಹಿತ್ಯದಿಂದಲೂ ಹೀಗೆ ಹಿಂಜರಿಕೆಯಿಲ್ಲದೆ ತೆಗೆದುಕೊಳ್ಳುವ ಧೋರಣೆಯ ಬೇರು ವೆಸ್ಲಿಯಲ್ಲೇ ಇದೆ. ದೈವಜ್ಞಾನದ ವಿಚಾರದಲ್ಲಿ ಅವರು ಸತ್ಯವೇದಕ್ಕೆ ಮೊದಲ ಸ್ಥಾನ ಕೊಟ್ಟು, ಸಭೆಯ ಸಂಪ್ರದಾಯ, ವಿವೇಚನೆ ಮತ್ತು ಅನುಭವಗಳನ್ನೂ ಅದರ ಜೊತೆಗಿಟ್ಟು ತೂಗುತ್ತಿದ್ದರು. ಇಪ್ಪತ್ತನೆಯ ಶತಮಾನದ ದೈವಶಾಸ್ತ್ರಜ್ಞ ಆಲ್ಬರ್ಟ್ ಔಟ್ಲರ್ ಈ ನಾಲ್ಕನ್ನು ವೆಸ್ಲಿಯನ್ ಚತುಷ್ಕೋನವೆಂದು ಕರೆದರು.

ಏಷ್ಯಾಕ್ಕೆ ಬಂದ ಮೇಲೆ

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಮೆಥೊಡಿಸ್ಟ್ ಮಿಷನರಿಗಳು ಏಷ್ಯಾದಲ್ಲಿ ತೆರೆದ ಶಾಲೆಗಳ ಲಾಂಛನಗಳಿಗೆ ಹೊಸ ವಸ್ತುಗಳು ಸೇರಿದವು. ಈ ಭಾಗ ನನಗೆ ವಿಶೇಷವಾಗಿ ಪ್ರಿಯವಾದುದು. ಆಂಗ್ಲೊ–ಚೈನೀಸ್ ಶಾಲೆಯನ್ನು 1886ರ ಮಾರ್ಚ್ 1ರಂದು ಸಿಂಗಪುರದ ಅಮಾಯ್ ಬೀದಿಯ ಒಂದು ಅಂಗಡಿಮನೆಯಲ್ಲಿ 13 ಹುಡುಗರೊಡನೆ ಆರಂಭಿಸಿದವರು, ಬೆಂಗಳೂರಿನಲ್ಲಿ ಹುಟ್ಟಿದ ವಿಲಿಯಂ ಓಲ್ಡಂ. ಬೆಳಿಗ್ಗೆ ಚೀನೀ ಭಾಷೆಯ ಪಾಠ, ಮಧ್ಯಾಹ್ನ ಇಂಗ್ಲಿಷ್ ಪಾಠ ನಡೆಯುತ್ತಿದ್ದುದರಿಂದ ಶಾಲೆಗೆ ಆ ಹೆಸರು. ಅದರ ಲಾಂಛನದ ಕಾಲ್ಪನಿಕ ಪ್ರಾಣಿಯಲ್ಲಿ ಸಿಂಹ, ಹದ್ದು, ಡ್ರ್ಯಾಗನ್ ಮೂರೂ ಬೆರೆತಿದ್ದು, ಅವು ಬ್ರಿಟಿಷ್, ಅಮೆರಿಕನ್ ಮತ್ತು ಚೀನೀ ಪ್ರಭಾವಗಳನ್ನು ಸೂಚಿಸುತ್ತವೆ.

ಜಪಾನಿನಲ್ಲಿ ವಾಲ್ಟರ್ ರಸೆಲ್ ಲ್ಯಾಂಬತ್ 1889ರಲ್ಲಿ ಸ್ಥಾಪಿಸಿದ ಕ್ವಾನ್ಸೆ ಗಾಕುಯಿನ್ ಸಂಸ್ಥೆಯ ಲಾಂಛನ ಬಾಲಚಂದ್ರ. ಚಂದ್ರನಿಗೆ ಸ್ವಂತ ಬೆಳಕಿಲ್ಲ, ಸೂರ್ಯನ ಬೆಳಕನ್ನು ಪಡೆದು ಬೆಳಗುತ್ತಾನೆ; ಹಾಗೆಯೇ ಮನುಷ್ಯರು ದೇವರ ಕೃಪೆಯನ್ನು ಪಡೆದು ಬೆಳಗುತ್ತಾರೆ. ಬಿದಿಗೆಯ ಚಂದ್ರ ದಿನದಿನಕ್ಕೆ ತುಂಬುತ್ತ ಹುಣ್ಣಿಮೆಯಾಗುವಂತೆ ವಿದ್ಯಾರ್ಥಿಯೂ ಬೆಳೆಯಬೇಕು. ವೆಸ್ಲಿಯ ಬೋಧನೆಯ ತಿರುಳಾದ ದೈವಕೃಪೆ ಮತ್ತು ಪರಿಪೂರ್ಣತೆಯತ್ತ ಸಾಗುವ ಬೆಳವಣಿಗೆ, ಎರಡನ್ನೂ ಒಂದೂ ಪಾಶ್ಚಾತ್ಯ ಚಿಹ್ನೆಯಿಲ್ಲದೆ ಹೇಳಿದ ಈ ಲಾಂಛನ, ಚಿಪ್ಪು ಮತ್ತು ಜ್ವಾಲೆಗಳಷ್ಟೇ ಮೆಥೊಡಿಸ್ಟ್ ಆದುದು. ಅದೇ ಸಂಸ್ಥೆಯ ಧ್ಯೇಯವಾಕ್ಯ ಸೇವೆಗಾಗಿ ಪ್ರಾವೀಣ್ಯ ಎಂಬ ಅರ್ಥದ್ದು. ಟೋಕಿಯೊದ ಆಓಯಾಮಾ ಗಾಕುಯಿನ್ ಆಯ್ದುಕೊಂಡದ್ದು ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದ, ಭೂಮಿಗೆ ಉಪ್ಪು, ಲೋಕಕ್ಕೆ ಬೆಳಕು ಎಂಬ ನುಡಿಯನ್ನು.

ಹೆಣ್ಣುಮಕ್ಕಳ ಶಿಕ್ಷಣದ ಚರಿತ್ರೆಯನ್ನು ಬಿಟ್ಟು ಈ ಪರಂಪರೆಯನ್ನು ವಿವರಿಸಲಾಗದು. ಅಮೆರಿಕದ ಮೆಥೊಡಿಸ್ಟ್ ಮಹಿಳೆಯರೇ ಹಣ ಕೂಡಿಸಿ ಕಳುಹಿಸಿದ ಇಸಬೆಲ್ಲಾ ಥೋಬರ್ನ್ 1870ರಲ್ಲಿ ಲಖನೌ ನಗರದ ಅಮೀನಾಬಾದ್‌ನಲ್ಲಿ ಆರು ಹುಡುಗಿಯರೊಡನೆ ತೆರೆದ ಶಾಲೆ ಮುಂದೆ ಅವರ ಹೆಸರಿನ ಕಾಲೇಜಾಯಿತು. 1886ರಲ್ಲಿ ಮೇರಿ ಸ್ಕ್ರಾಂಟನ್ ಸೋಲ್ ನಗರದಲ್ಲಿ ಒಬ್ಬಳೇ ವಿದ್ಯಾರ್ಥಿನಿಯೊಡನೆ ಆರಂಭಿಸಿದ ಶಾಲೆಗೆ ಕೊರಿಯಾದ ಅರಮನೆಯಿಂದ ಮಾರನೆಯ ವರ್ಷ ಇಹ್ವಾ ಎಂಬ ಹೆಸರು ಬಂತು. ಪಿಯರ್ (ಮರಸೇಬು) ಮರದ ಹೂವಿನ ಹೆಸರು ಅದು. ಇಹ್ವಾ ಮಹಿಳಾ ವಿಶ್ವವಿದ್ಯಾಲಯದ ಲಾಂಛನದಲ್ಲಿ ಇಂದಿಗೂ ಆ ಹೂವಿದೆ. ಸೋಫಿಯಾ ಬ್ಲ್ಯಾಕ್‌ಮೋರ್ 1887ರಲ್ಲಿ ಸಿಂಗಪುರದಲ್ಲಿ ಒಂಬತ್ತು ಮಂದಿ ಹುಡುಗಿಯರೊಡನೆ ತೆರೆದ ತಮಿಳು ಬಾಲಿಕಾ ಶಾಲೆಯೇ ಇಂದಿನ ಮೆಥೊಡಿಸ್ಟ್ ಬಾಲಿಕಾ ಶಾಲೆ. ಸುಸಾನಾ ವೆಸ್ಲಿ ತಮ್ಮ ಹೆಣ್ಣುಮಕ್ಕಳನ್ನು ಗಂಡುಮಕ್ಕಳ ಪಕ್ಕದಲ್ಲೇ ಕೂರಿಸಿ ಕಲಿಸಿದ್ದಕ್ಕೂ ಈ ಶಾಲೆಗಳಿಗೂ ನೇರವಾದ ನಂಟಿದೆಯೆಂದು ನಾನು ನಂಬುತ್ತೇನೆ.

ಆಚರಣೆಯಲ್ಲಿ ಉಳಿದದ್ದು

ಲಾಂಛನದಲ್ಲಿ ಕಾಣದ ಕೆಲವು ಕುರುಹುಗಳು ಶಾಲೆಯ ದಿನನಿತ್ಯದಲ್ಲಿವೆ. ಬೆಳಗಿನ ಕೂಟದಲ್ಲಿ ಎಲ್ಲರೂ ಕೂಡಿ ಕೀರ್ತನೆ ಹಾಡುವುದು ಅವುಗಳಲ್ಲೊಂದು. ದೈವಶಾಸ್ತ್ರವನ್ನು ಹಾಡಿ ಕಲಿತ ಪಂಗಡ ಇದು. 1742ರಲ್ಲಿ ಬ್ರಿಸ್ಟಲ್‌ನ ಸಭಾಮಂದಿರದ ಸಾಲ ತೀರಿಸಲು ಸದಸ್ಯರನ್ನು ಸುಮಾರು ಹನ್ನೆರಡು ಜನರ ಗುಂಪುಗಳಾಗಿ ಮಾಡಿ, ವಾರಕ್ಕೊಂದು ಪೆನ್ನಿ ಸಂಗ್ರಹಿಸಲು ಪ್ರತಿ ಗುಂಪಿಗೊಬ್ಬ ನಾಯಕನನ್ನು ನೇಮಿಸಲಾಯಿತು. ಹಣಕ್ಕೆಂದು ಮನೆಮನೆಗೆ ಹೋದ ನಾಯಕರು ಅಲ್ಲಿನ ಕಷ್ಟಸುಖಗಳನ್ನು ಕಂಡುಬಂದಾಗ, ಪರಸ್ಪರ ಕಾಳಜಿಯ ವ್ಯವಸ್ಥೆಯೊಂದು ತಾನಾಗಿ ರೂಪುಗೊಂಡಿತು. ಯಾವ ಮಗುವೂ ಗುಂಪಿನಲ್ಲಿ ಕಳೆದುಹೋಗದಂತೆ ವಿದ್ಯಾರ್ಥಿಗಳನ್ನು ಸಣ್ಣ ತಂಡಗಳಾಗಿಸಿ ಒಬ್ಬ ಹಿರಿಯರ ಹೊಣೆಗೆ ಒಪ್ಪಿಸುವ ಶಾಲಾ ಪದ್ಧತಿಯಲ್ಲಿ ಅದರ ಗುಣವನ್ನು ಕಾಣಬಹುದು.

ಇನ್ನೊಂದು, ಒಡಂಬಡಿಕೆಯ ಆರಾಧನೆ. 1755ರ ಆಗಸ್ಟ್‌ನಲ್ಲಿ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ವೆಸ್ಲಿ ಮೊದಲು ನಡೆಸಿದ ಇದು, ಈಗ ಬಹುಮಟ್ಟಿಗೆ ವರ್ಷಾರಂಭದಲ್ಲಿ ನಡೆಯುತ್ತದೆ. ನಾನು ಇನ್ನು ನನ್ನವನಲ್ಲ, ನಿನ್ನವನು; ನಿನಗೆ ಇಷ್ಟವಾದ ಕೆಲಸಕ್ಕೆ, ನಿನಗೆ ಇಷ್ಟವಾದವರ ಜೊತೆಗೆ ನನ್ನನ್ನು ಇರಿಸು ಎಂಬ ಆಶಯದ ಪ್ರಾರ್ಥನೆ ಅದರ ಕೇಂದ್ರ. ಅನ್ಯಧರ್ಮದ ಮಕ್ಕಳು ಬಹುಸಂಖ್ಯೆಯಲ್ಲಿರುವ ಶಾಲೆಯಲ್ಲಿ ಇಂಥ ಪ್ರಾರ್ಥನೆಯನ್ನು ಎಲ್ಲರ ಬಾಯಲ್ಲೂ ಹೇಳಿಸುವುದು ಸರಿಯಾಗದು. ಅದು ಸ್ವಂತ ಇಚ್ಛೆಯಿಂದ ಮಾಡುವ ಒಪ್ಪಂದವಾಗಿರುವುದರಿಂದ, ಬಲವಂತ ಬಂದೊಡನೆ ಅದರ ಅರ್ಥವೇ ಕೆಡುತ್ತದೆ.

ಇನ್ನು ‘ಪರಂಪರೆ’ ಎಂಬ ಪದವನ್ನೇ ಶಾಲೆಗಳು ಬಳಸುವುದಕ್ಕೆ ಒಂದು ಆಡಳಿತಾತ್ಮಕ ಕಾರಣವಿದೆ. ಅನೇಕ ದೇಶಗಳಲ್ಲಿ ಮೆಥೊಡಿಸ್ಟ್ ಸಭೆ ಬೇರೆ ಸಭೆಗಳೊಡನೆ ವಿಲೀನಗೊಂಡಿದೆ. ದಕ್ಷಿಣ ಭಾರತದಲ್ಲಿ ಬ್ರಿಟಿಷ್ ಮೂಲದ ಮೆಥೊಡಿಸ್ಟರು 1947ರ ಸೆಪ್ಟೆಂಬರ್ 27ರಂದು ಇತರ ಪಂಗಡಗಳೊಡನೆ ಸೇರಿ ದಕ್ಷಿಣ ಭಾರತ ಸಭೆಯಾದುದರಿಂದ, ವೆಸ್ಲಿಯನ್ ಮಿಷನ್ನಿನ ಶಾಲೆಗಳು ಈಗ ಕಮಲದ ನಡುವೆ ಶಿಲುಬೆಯಿರುವ ಲಾಂಛನದ ಅಡಿಯಲ್ಲಿವೆ. ಆಸ್ಟ್ರೇಲಿಯಾದಲ್ಲಿ 1977ರ ಜೂನ್ 22ರಂದು ಮೆಥೊಡಿಸ್ಟ್, ಪ್ರೆಸ್ಬಿಟೀರಿಯನ್ ಮತ್ತು ಕಾಂಗ್ರಿಗೇಷನಲ್ ಸಭೆಗಳು ಕೂಡಿ ಯುನೈಟಿಂಗ್ ಸಭೆ ರೂಪುಗೊಂಡಿತು. ಅದರ ಲಾಂಛನದಲ್ಲಿ ಶಿಲುಬೆಯೊಡನೆ ಜ್ವಾಲೆಯಂಥ ರೆಕ್ಕೆಗಳ ಪಾರಿವಾಳವಿದೆ. ಹೀಗೆ ವಿಲೀನಗೊಂಡ ಕಡೆಗಳಲ್ಲಿ ಶಾಲೆಯೊಂದು ಎರಡು ಲಾಂಛನಗಳನ್ನು ಹೊತ್ತಿರುವುದು ಸಾಮಾನ್ಯ: ಸಭೆಯದು ಸಭೆಯ ತೀರ್ಮಾನದಂತೆ ಬದಲಾಗುತ್ತದೆ, ಸ್ಥಾಪಕರಿಂದ ಬಂದ ತನ್ನದೇ ಗುರಾಣಿ, ಧ್ಯೇಯವಾಕ್ಯ ಮತ್ತು ಹೆಸರುಗಳನ್ನು ಉಳಿಸಿಕೊಳ್ಳುವುದೋ ತಿದ್ದುವುದೋ ಎಂಬುದು ಶಾಲೆಯ ಆಡಳಿತ ಮಂಡಳಿಗೆ ಬಿಟ್ಟದ್ದು. ಮೆಥೊಡಿಸ್ಟ್ ಸಭೆ ಎಂಬ ಹೆಸರೇ ದಾಖಲೆಗಳಿಂದ ಅಳಿದುಹೋದ ಊರುಗಳಲ್ಲಿಯೂ ವೆಸ್ಲಿಯ ಹೆಸರು, ಚಿಪ್ಪು ಅಥವಾ ಹಳೆಯ ಲ್ಯಾಟಿನ್ ವಾಕ್ಯ ಶಾಲೆಯ ಹೆಬ್ಬಾಗಿಲಿನ ಮೇಲೆ ಉಳಿದಿರುವುದು ಹೀಗೆ.